‘ನೋಡೋಣ ಸರ್’ ಅನ್ನುವ ಮೊದಲು: ಗ್ರಾಹಕರು ಕೇಳುವ ಸುಧಾರಣೆಗಳನ್ನು ಸಾಫ್ಟ್‌ವೇರ್ ಕಂಪನಿ ನಿಭಾಯಿಸುವ ಬಗೆ

“ಸರ್, ಬಿಲ್ ಹಾಕುವಾಗಲೇ ಪಾರ್ಟಿಯ ಹಳೇ ಬಾಕಿ ಕಾಣೋ ಹಾಗೆ ಮಾಡಿಕೊಡಿ.” ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಕಂಪನಿಗಳಿಗೆ ಇಂಥ ಮಾತು ದಿನವೂ ಕೇಳಿಬರುತ್ತದೆ. ಕೇಳುವವರು ಬೇರೆ ಬೇರೆ, ಉತ್ತರ ಮಾತ್ರ ಒಂದೇ: “ನೋಡೋಣ ಸರ್.” ಅಂಗಡಿಯವರು ಅದನ್ನು ‘ಮಾಡಿಕೊಡುತ್ತಾರೆ’ ಎಂದು ತಿಳಿಯುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಅದು ‘ಆಗಲ್ಲ’. ವರ್ಷದ ಎಎಂಸಿ (ಸಾಫ್ಟ್‌ವೇರ್ ನೋಡಿಕೊಳ್ಳಲು ವರ್ಷಕ್ಕೊಮ್ಮೆ ಪಡೆಯುವ ಹಣ) ಕೇಳಲು ಫೋನ್ ಮಾಡಿದ ದಿನ ಈ ಎರಡು ಅರ್ಥಗಳು ಎದುರುಬದುರಾಗಿ ನಿಲ್ಲುತ್ತವೆ.

ಹತ್ತರಿಂದ ಮೂವತ್ತು ಜನರಿರುವ, ಒಂದೇ ಸಾಫ್ಟ್‌ವೇರನ್ನು ನೂರಾರು ಅಂಗಡಿ, ಹೋಲ್‌ಸೇಲ್ ವ್ಯಾಪಾರಿ, ಮೆಡಿಕಲ್ ಸ್ಟೋರ್‌ಗಳಿಗೆ ಮಾರುವ ಕಂಪನಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡುವವರಿಗೂ ಹೆಜ್ಜೆಗಳು ಇವೇ.

1. ಎಲ್ಲವನ್ನೂ ಒಂದೇ ಕಡೆ ಬರೆದಿಡಿ

ಬೇಡಿಕೆಗಳು ಬರುವ ದಾರಿ ಹಲವು. ಸಪೋರ್ಟ್‌ನವರಿಗೆ ಫೋನ್ ಬರುತ್ತದೆ. ಡೀಲರ್ ಹೇಳುತ್ತಾರೆ. ಇನ್‌ಸ್ಟಾಲ್ ಮಾಡಲು ಹೋದ ಹುಡುಗನ ಕಿವಿಗೆ ಬೀಳುತ್ತದೆ. ಹಳೇ ಗ್ರಾಹಕರು ನೇರವಾಗಿ ಮಾಲೀಕರ ವಾಟ್ಸ್‌ಆ್ಯಪ್‌ಗೇ ಧ್ವನಿ ಸಂದೇಶ ಕಳಿಸುತ್ತಾರೆ. ಇಷ್ಟೂ ಒಂದು ಪಟ್ಟಿಗೆ ಬಂದು ಸೇರದಿದ್ದರೆ ಮುಂದಿನ ಯಾವ ಹೆಜ್ಜೆಯೂ ನಡೆಯುವುದಿಲ್ಲ.

ಶುರುವಿಗೆ ಒಂದು ಎಕ್ಸೆಲ್ ಶೀಟ್ ಸಾಕು. ಜಿರಾ, ಗಿಟ್‌ಹಬ್ ಇಶ್ಯೂಸ್, ಕ್ಯಾನಿ ಥರದ, ಬೇಡಿಕೆ ಬರೆದಿಡುವ ಟೂಲ್‌ಗಳು ಒಳ್ಳೆಯವೇ, ಆದರೆ ಬರೆದಿಡುವ ಅಭ್ಯಾಸ ಇಲ್ಲದ ಆಫೀಸಿಗೆ ದುಬಾರಿ ಟೂಲ್ ತಂದರೆ ಅದೂ ಖಾಲಿ ಬಿದ್ದಿರುತ್ತದೆ. ಪ್ರತಿ ಸಾಲಿನಲ್ಲಿ ಇಷ್ಟಿರಲಿ: ಯಾರು ಕೇಳಿದರು, ಅವರ ವ್ಯಾಪಾರ ಯಾವುದು, ಎಷ್ಟು ಜನ ಸಾಫ್ಟ್‌ವೇರ್ ಬಳಸುತ್ತಾರೆ, ಕೇಳಿದಾಗ ಯಾವ ಕೆಲಸದ ಮಧ್ಯೆ ಇದ್ದರು, ಈಗ ಅದಿಲ್ಲದೆ ಹೇಗೆ ನಿಭಾಯಿಸುತ್ತಿದ್ದಾರೆ, ತಾರೀಖು, ನಿಮ್ಮಲ್ಲಿ ಕೇಳಿಸಿಕೊಂಡವರ ಹೆಸರು.

ಗ್ರಾಹಕರ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ, ಕನ್ನಡದಲ್ಲೇ ಇರಲಿ. “ಬಿಲ್ ಹಾಕುವಾಗ ಹಳೇ ಬಾಕಿ ಕಾಣಬೇಕು” ಎಂದವರ ಮಾತನ್ನು ಸಪೋರ್ಟ್‌ನವರು “ಔಟ್‌ಸ್ಟ್ಯಾಂಡಿಂಗ್ ರಿಪೋರ್ಟ್ ಬೇಕಂತೆ” ಎಂದು ತಿದ್ದಿ ಬರೆದರೆ ಕೆಲಸ ಕೆಟ್ಟಿತು. ಡೆವಲಪರ್ ಇನ್ನೊಂದು ರಿಪೋರ್ಟ್ ಮಾಡುತ್ತಾನೆ. ಅಂಗಡಿಯವರಿಗೆ ಬೇಕಾಗಿದ್ದು ಸಾಲಗಾರ ಎದುರು ನಿಂತಿರುವಾಗಲೇ ಕಾಣುವ ಒಂದು ಸಾಲು.

ಇನ್ನೊಂದು ಮಾತು. ಆಡಿಟರ್‌ಗಳಿಂದ ಬಂದದ್ದಕ್ಕೆ ಬೇರೆ ಗುರುತು ಹಾಕಿ. ಒಬ್ಬ ಆಡಿಟರ್ ಊರಿನ ಹತ್ತಾರು ಅಂಗಡಿಗಳ ರಿಟರ್ನ್ ಸಲ್ಲಿಸುತ್ತಾರೆ. ಮುಂದಿನ ಅಂಗಡಿಯವರಿಗೆ ಯಾವ ಸಾಫ್ಟ್‌ವೇರ್ ತಗೊಳ್ಳಿ ಎಂದು ಹೇಳುವವರೂ ಅವರೇ.

2. ಕೇಳಿದ್ದು ಒಂದು, ಬೇಕಾದ್ದು ಇನ್ನೊಂದು

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ ಹೆಜ್ಜೆ ಇದೇ. ಗ್ರಾಹಕರು ಸಾಮಾನ್ಯವಾಗಿ ತೊಂದರೆ ಹೇಳುವುದಿಲ್ಲ, ತಾವೇ ಯೋಚಿಸಿದ ಪರಿಹಾರ ಹೇಳುತ್ತಾರೆ. ನೀವು ಅದನ್ನು ಹಾಗೇ ಮಾಡಿಕೊಟ್ಟರೆ ಕೆಲವೊಮ್ಮೆ ಅವರಿಗೇ ಪೆಟ್ಟು.

ಒಂದು ಉದಾಹರಣೆ ನೋಡೋಣ. ಔಷಧ ಹೋಲ್‌ಸೇಲ್ ವ್ಯಾಪಾರಿಯೊಬ್ಬರು “ಸೇವ್ ಆದ ಬಿಲ್‌ಗೆ ಡಿಲೀಟ್ ಬಟನ್ ಕೊಡಿ” ಎನ್ನುತ್ತಾರೆ. ಡೆವಲಪರ್‌ಗೆ ಅದು ಅರ್ಧ ದಿನದ ಕೆಲಸ. ಆದರೆ ವಹಿವಾಟು 5 ಕೋಟಿ ದಾಟಿದ ವ್ಯಾಪಾರಿ ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಹಾಕುವ ಬಿಲ್‌ಗೆ ಇ-ಇನ್‌ವಾಯ್ಸ್ ಕಡ್ಡಾಯ, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಬೇಕು. ಆಗ ಆ ಬಿಲ್‌ಗೆ ಸಿಗುವ ಐಆರ್‌ಎನ್ ಎಂಬ ಗುರುತಿನ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ 24 ಗಂಟೆಯ ಒಳಗೆ ಮಾತ್ರ ರದ್ದು ಮಾಡಬಹುದು. ಆಮೇಲೆ ಕ್ರೆಡಿಟ್ ನೋಟ್ ದಾರಿ, ಅಂದರೆ ಆ ಬಿಲ್‌ನ ಮೊತ್ತ ಕಡಿಮೆ ಮಾಡುವ ಇನ್ನೊಂದು ಚೀಟಿ ಹಾಕಬೇಕು. ಅವರ ಸಂಸ್ಥೆ ಕಂಪನಿ ಕಾಯ್ದೆಯ ಅಡಿ ನೋಂದಣಿ ಆಗಿದ್ದರೆ ಇನ್ನೂ ಒಂದು ಗಂಟು. 2023ರ ಏಪ್ರಿಲ್ 1ರಿಂದ ಅಂಥವರ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಾಖಲಿಸಬೇಕು, ಆ ದಾಖಲೆಯನ್ನು ಆಫ್ ಮಾಡಲು ಆಗಬಾರದು. ಗುರುತೇ ಉಳಿಯದಂತೆ ಬಿಲ್ ಅಳಿಸುವ ಬಟನ್ ಕೊಟ್ಟರೆ ಅವರನ್ನು ನೀವೇ ಕೈಯಾರೆ ತೊಂದರೆಗೆ ತಳ್ಳಿದಂತೆ.

ಹಾಗಾದರೆ ಅವರಿಗೆ ಬೇಕಾದ್ದು ಏನು? ಕೇಳಿದರೆ ಗೊತ್ತಾಗುತ್ತದೆ. ಕೌಂಟರ್‌ನ ಹುಡುಗ ‘ಶ್ರೀ ಮಂಜುನಾಥ ಮೆಡಿಕಲ್ಸ್’ ಬದಲು ‘ಮಂಜುನಾಥ ಮೆಡಿಕಲ್ಸ್’ ಹೆಸರಿಗೆ ಬಿಲ್ ಹಾಕಿಬಿಡುತ್ತಾನೆ. ತೊಂದರೆ ಇರುವುದು ಪಾರ್ಟಿ ಆರಿಸುವ ಜಾಗದಲ್ಲಿ. ಹೆಸರಿನ ಪಕ್ಕ ಊರು, ಜಿಎಸ್‌ಟಿ ಸಂಖ್ಯೆಯ ಕೊನೆಯ ಕೆಲವು ಅಕ್ಷರಗಳು, ಹಿಂದಿನ ಬಿಲ್‌ನ ತಾರೀಖು ತೋರಿಸಿದರೆ ತಪ್ಪು ಅಲ್ಲೇ ಕಡಿಮೆಯಾಗುತ್ತದೆ. ಆಮೇಲೂ ತಪ್ಪಾದರೆ ಅದೇ ಬಿಲ್‌ನಿಂದ ಒಂದೇ ಕೀಲಿಯಲ್ಲಿ ಕ್ರೆಡಿಟ್ ನೋಟ್ ಆಗುವಂತೆ ಮಾಡಿ. ಡಿಲೀಟ್ ಬಟನ್ ಕೇಳಿದವರು ಮತ್ತೆ ಅದರ ಸುದ್ದಿ ಎತ್ತುವುದಿಲ್ಲ.

ಕೇಳುವ ರೀತಿಯೂ ಮುಖ್ಯ. “ಇದು ಇದ್ದರೆ ಉಪಯೋಗ ಆಗುತ್ತಾ?” ಎಂದು ಕೇಳಬೇಡಿ. ಯಾರಾದರೂ ಬೇಡ ಅಂತಾರಾ? ಬದಲಿಗೆ ಹೀಗೆ ಕೇಳಿ: “ಇದು ಕೊನೆಯ ಸಲ ಯಾವಾಗ ಬೇಕಾಯಿತು ಸರ್? ಆಗ ಏನು ಮಾಡಿದಿರಿ? ಎಷ್ಟು ಹೊತ್ತು ಹಿಡಿಯಿತು?” ಉತ್ತರ “ಕಳೆದ ವಾರ, ಬಿಳಿ ಹಾಳೆಯಲ್ಲಿ ಬರೆದುಕೊಂಡೆವು” ಎಂದಿದ್ದರೆ ಬೇಡಿಕೆಗೆ ಜೀವ ಇದೆ. “ಹಾಗೇನಿಲ್ಲ, ಇದ್ರೆ ಚೆನ್ನಾಗಿರುತ್ತೆ ಅಂತ” ಎಂದಿದ್ದರೆ ಪಟ್ಟಿಯ ಕೆಳಗೆ ಇಡಿ. ಸಾಧ್ಯವಾದರೆ ಎನಿಡೆಸ್ಕ್ (ದೂರದಿಂದಲೇ ಅವರ ಪರದೆ ಕಾಣಿಸುವ ಸಾಫ್ಟ್‌ವೇರ್) ತೆರೆದು ಅವರು ಕೆಲಸ ಮಾಡುವುದನ್ನು ಹತ್ತು ನಿಮಿಷ ಸುಮ್ನೆ ನೋಡಿ. ಕೈ ಎಲ್ಲಿ ತಡವರಿಸುತ್ತದೆ ಎಂಬುದು ಫೋನಿನಲ್ಲಿ ಗೊತ್ತಾಗುವುದಿಲ್ಲ.

ಟೊಯೋಟಾ ಕಾರ್ಖಾನೆಗಳಿಂದ ಬಂದ ‘ಐದು ಸಲ ಯಾಕೆ ಎಂದು ಕೇಳು’ ಎಂಬ ಪದ್ಧತಿಯನ್ನು ಬಹಳ ಜನ ಇಲ್ಲಿಗೆ ತರುತ್ತಾರೆ. ಆಫೀಸಿನ ಒಳಗೆ ಅದು ಸರಿ. ಸಂಜೆ ಆರಕ್ಕೆ ಕೌಂಟರ್ ತುಂಬ ಗಿರಾಕಿ ಇಟ್ಟುಕೊಂಡವರಿಗೆ ಐದು ಸಲ ಯಾಕೆ ಎಂದರೆ ಪೊಲೀಸ್ ವಿಚಾರಣೆ ಆಗುತ್ತದೆ. ಎರಡು ಸಾಕು, ಮಧ್ಯಾಹ್ನ ಮೂರು ಗಂಟೆಗೆ ಕೇಳಿ.

3. ಬೇರೆ ಬೇರೆ ರಾಶಿ ಮಾಡಿ

ಪಟ್ಟಿಯಲ್ಲಿರುವುದೆಲ್ಲ ಸುಧಾರಣೆಯ ಬೇಡಿಕೆ ಅಲ್ಲ. ಕೆಲವು ನಮ್ಮದೇ ದೋಷ. ಅವನ್ನು ಬೇಡಿಕೆ ಎಂದು ಕರೆದು ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ, ನೇರ ಬಗ್ ಪಟ್ಟಿಗೆ ಹೋಗಲಿ. ಇನ್ನು ಕೆಲವು ಈಗಾಗಲೇ ಸಾಫ್ಟ್‌ವೇರ್‌ನಲ್ಲಿ ಇರುತ್ತವೆ, ಅವರಿಗೆ ಗೊತ್ತಿರುವುದಿಲ್ಲ. ಅಂಥವರಿಗೆ ಫೋನಿನಲ್ಲೇ ತೋರಿಸಿಕೊಡಿ. ಒಂದೇ ವಿಷಯವನ್ನು ಪದೇ ಪದೇ ತೋರಿಸುವಂತಾದರೆ ಆ ಮೆನು ತಪ್ಪು ಜಾಗದಲ್ಲಿದೆ ಎಂದು ಅರ್ಥ. ಆಗ ಅದೂ ಸುಧಾರಣೆಯ ರಾಶಿಗೆ ಬರುತ್ತದೆ.

ಕಾನೂನಿನಿಂದ ಬರುವ ಬೇಡಿಕೆಗಳದ್ದು ಬೇರೆಯೇ ರಾಶಿ. ಇದಕ್ಕೆ ಓಟು ಇಲ್ಲ, ಚರ್ಚೆ ಇಲ್ಲ, ತಾರೀಖು ಮಾತ್ರ ಇರುತ್ತದೆ. ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಂದು ಶುರುವಾದಾಗ ವಹಿವಾಟಿನ ಮಿತಿ 500 ಕೋಟಿ. ಆಗ ಸಣ್ಣ ಬಿಲ್ಲಿಂಗ್ ಕಂಪನಿಗಳು ‘ನಮ್ಮ ಗ್ರಾಹಕರಿಗೆ ಸಂಬಂಧವಿಲ್ಲ’ ಎಂದು ಸುಮ್ಮನಿರಬಹುದಿತ್ತು. 2021ರ ಜನವರಿಗೆ ಅದು 100 ಕೋಟಿ, ಏಪ್ರಿಲ್‌ಗೆ 50 ಕೋಟಿ, 2022ರ ಏಪ್ರಿಲ್‌ಗೆ 20 ಕೋಟಿ, ಅಕ್ಟೋಬರ್‌ಗೆ 10 ಕೋಟಿ, 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಇಳಿಯಿತು. ಮೊದಲನೇ ಮಿತಿ ಕಂಡಾಗಲೇ ಕೆಲಸ ಶುರು ಮಾಡಿದವರಿಗೆ ಕೊನೆಯ ಮಿತಿ ಬರುವ ಹೊತ್ತಿಗೆ ಮೂರು ವರ್ಷ ಹತ್ತಿರ ಸಮಯ ಸಿಕ್ಕಿತು.

ಎಲ್ಲ ಸಲ ಇಷ್ಟು ಸಮಯ ಸಿಗುವುದಿಲ್ಲ. 2025ರಲ್ಲಿ ಜಿಎಸ್‌ಟಿ ಮಂಡಳಿ ಸೆಪ್ಟೆಂಬರ್ 3ರಂದು ದರ ಬದಲಾವಣೆ ಒಪ್ಪಿತು, ಬಹುಪಾಲು ವಸ್ತುಗಳಿಗೆ ಸೆಪ್ಟೆಂಬರ್ 22ರಿಂದ ಜಾರಿ. ಮೂರು ವಾರವೂ ಇಲ್ಲ. ವಸ್ತುವಿನ ಪಕ್ಕ ಒಂದೇ ದರ ಬರೆದಿಡುವ ಸಾಫ್ಟ್‌ವೇರ್‌ಗಳಿಗೆ ಇಲ್ಲಿ ಕಷ್ಟ. 22ಕ್ಕೆ ಮುಂಚೆ ಮಾರಿದ ಮಾಲು ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೇ ದರದಲ್ಲೇ ಹಾಕಬೇಕು. ದರದ ಜೊತೆ ‘ಯಾವ ತಾರೀಖಿನಿಂದ’ ಎಂಬ ಕಾಲಂ ಇಟ್ಟವರಿಗೆ ಮಾತ್ರ ಇದು ಸಲೀಸು. ಈ ಕಾಲಂ ಬೇಕು ಎಂದು ಯಾವ ಅಂಗಡಿಯವರೂ ಕೇಳಿರುವುದಿಲ್ಲ. ಜಪಾನಿನ ಪ್ರೊಫೆಸರ್ ನೊರಿಯಾಕಿ ಕಾನೊ 1984ರಲ್ಲಿ ಮುಂದಿಟ್ಟ ಮಾದರಿ ಇದನ್ನೇ ಹೇಳುತ್ತದೆ: ಕೆಲವು ಗುಣಗಳನ್ನು ಜನ ಬಾಯಿಬಿಟ್ಟು ಕೇಳುವುದಿಲ್ಲ, ಇಲ್ಲದಿದ್ದರೆ ಮಾತ್ರ ಸಿಟ್ಟಾಗುತ್ತಾರೆ. ಬ್ಯಾಕಪ್ಪೂ ಹಾಗೇ. ಆದ್ದರಿಂದ ಬೇಡಿಕೆಯ ಪಟ್ಟಿಯೊಂದನ್ನೇ ನೋಡಿ ವರ್ಷದ ಕೆಲಸ ನಿರ್ಧರಿಸಬೇಡಿ. ನಿಮ್ಮವರೇ ಕಂಡುಕೊಂಡ ಕೆಲಸಕ್ಕೂ ಒಂದು ಪಾಲು ಇಡಿ.

4. ಎಣಿಸಿ, ಆದರೆ ಎಣಿಕೆಯನ್ನೇ ನಂಬಬೇಡಿ

ಒಂದೇ ತೊಂದರೆ ಬೇರೆ ಬೇರೆ ಮಾತಿನಲ್ಲಿ ಬಂದಿರುತ್ತದೆ. ಮೊದಲು ಅವನ್ನು ಒಟ್ಟು ಸೇರಿಸಿ. ಫೋನ್ ಕರೆ ಎಣಿಸಬೇಡಿ, ಗ್ರಾಹಕರನ್ನು ಎಣಿಸಿ. ಒಬ್ಬರೇ ಹತ್ತು ಸಲ ಫೋನ್ ಮಾಡಿದರೆ ಅದು ಒಂದೇ.

ದೊಡ್ಡ ಕಂಪನಿಗಳು ಓಟು ಹಾಕಿಸಿ ಎಣಿಸುತ್ತವೆ. ಸೇಲ್ಸ್‌ಫೋರ್ಸ್‌ನ ಐಡಿಯಾ ಎಕ್ಸ್‌ಚೇಂಜ್ ಎಂಬ, ಗ್ರಾಹಕರು ಸಲಹೆ ಹಾಕುವ ಜಾಲತಾಣದಲ್ಲಿ ಒಂದು ಓಟಿಗೆ 10 ಅಂಕ. ಡೆವಲಪರ್‌ಗಳು ಕೋಡ್ ಇಟ್ಟುಕೊಳ್ಳುವ ಜಾಲತಾಣ ಗಿಟ್‌ಹಬ್‌ನ ಕಥೆ ಇನ್ನೂ ಸ್ವಾರಸ್ಯ. 2016ರ ಜನವರಿಯಲ್ಲಿ ಹಲವು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಯೋಜನೆಗಳನ್ನು ನಡೆಸುವವರು ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ‘ನನಗೂ ಬೇಕು’ ಎಂದು ಹೇಳಲು ಜನ ಬರೀ ‘+1’ ಎಂದು ಕಮೆಂಟ್ ಹಾಕಿ ಎಲ್ಲರ ಇನ್‌ಬಾಕ್ಸ್ ತುಂಬಿಸುತ್ತಿದ್ದಾರೆ, ಓಟಿನ ವ್ಯವಸ್ಥೆ ಕೊಡಿ ಎಂದರು. ಬೇಕಾದ ಮಾಹಿತಿ ಇಲ್ಲದೆಯೇ ದೂರುಗಳು ಬರುತ್ತಿವೆ ಎಂಬುದು ಇನ್ನೊಂದು ಅಳಲು. ಫೆಬ್ರವರಿಯಲ್ಲಿ ದೂರಿನ ಟೆಂಪ್ಲೇಟ್ ಬಂತು. ಮಾರ್ಚ್‌ನಲ್ಲಿ ಹೆಬ್ಬೆರಳಿನಂಥ ಎಮೋಜಿಗಳನ್ನು ಒತ್ತುವ ರಿಯಾಕ್ಷನ್ ಬಂತು. ಓಟಿನ ದೊಡ್ಡ ಯಂತ್ರ ಕಟ್ಟಲಿಲ್ಲ. ಸದ್ದಿಲ್ಲದೆ ‘ನನಗೂ’ ಎಂದು ಹೇಳುವ ದಾರಿ ಕೊಟ್ಟರು, ಮುಖ್ಯ ತಲೆನೋವು ಅದೇ ಆಗಿತ್ತು. ಎರಡನೇ ಹೆಜ್ಜೆಯಲ್ಲಿ ಹೇಳಿದ್ದು ಇದನ್ನೇ ಅಲ್ವಾ?

ಸಣ್ಣ ಕಂಪನಿಗೆ ಓಟು ಅಷ್ಟೇನೂ ಉಪಯೋಗವಿಲ್ಲ ಎಂಬುದು ನನ್ನ ಅಭಿಪ್ರಾಯ. ವೆಬ್‌ಸೈಟ್‌ಗೆ ಬಂದು ಓಟು ಹಾಕುವವರು ಕಂಪ್ಯೂಟರ್ ಬಲ್ಲ ಕೆಲವರು. ದಾವಣಗೆರೆಯ ಬಟ್ಟೆ ಅಂಗಡಿಯವರು ಹಾಕುವುದಿಲ್ಲ. ಅವರು ತೊಂದರೆಯನ್ನು ನುಂಗಿಕೊಂಡು ಕೆಲಸ ಮಾಡುತ್ತಾರೆ, ಒಂದು ದಿನ ಬೇರೆ ಸಾಫ್ಟ್‌ವೇರ್ ಹಾಕಿಸಿಕೊಳ್ಳುತ್ತಾರೆ. ಓಟಿನ ಬದಲು ಇನ್ನೊಂದು ಉಪಾಯ ಇದೆ. ಎಎಂಸಿಗೆ ಫೋನ್ ಮಾಡಿದಾಗ ಐದು ಸುಧಾರಣೆಗಳನ್ನು ಓದಿ ಹೇಳಿ, “ನಿಮ್ಮ ಕೈಲಿ ನೂರು ರೂಪಾಯಿ ಇದೆ ಅಂದುಕೊಳ್ಳಿ, ಯಾವುದಕ್ಕೆ ಎಷ್ಟು ಹಾಕ್ತೀರಿ?” ಎಂದು ಕೇಳಿ. ಎಲ್ಲವೂ ಬೇಕು ಎನ್ನುವವರೂ ಆಗ ಎಂಬತ್ತು ರೂಪಾಯಿ ಒಂದಕ್ಕೇ ಹಾಕುತ್ತಾರೆ.

ಆಮೇಲೆ ಅಂಕ ಹಾಕಿ. ಇಂಟರ್‌ಕಾಮ್ ಕಂಪನಿಯಿಂದ ಬಂದ ರೈಸ್ ಎಂಬ ಸೂತ್ರ ಸರಳವಾಗಿದೆ. ಎಷ್ಟು ಗ್ರಾಹಕರಿಗೆ ತಟ್ಟುತ್ತದೆ, ತಟ್ಟಿದವರಿಗೆ ಎಷ್ಟು ಅನುಕೂಲ, ನಮ್ಮ ಅಂದಾಜಿನ ಮೇಲೆ ನಮಗೆಷ್ಟು ನಂಬಿಕೆ, ಈ ಮೂರನ್ನೂ ಗುಣಿಸಿ. ಬಂದದ್ದನ್ನು ಎಷ್ಟು ತಿಂಗಳ ಕೆಲಸ ಎಂಬುದರಿಂದ ಭಾಗಿಸಿ. ಬಾಕಿ ತೋರಿಸುವ ಸಾಲು ಮೂರು ತಿಂಗಳಲ್ಲಿ 300 ಅಂಗಡಿಗಳಿಗೆ ಉಪಯೋಗ, ಅನುಕೂಲ 1 (ಸಾಧಾರಣ), ನಂಬಿಕೆ ಶೇ 80, ಕೆಲಸ 2 ತಿಂಗಳು ಎಂದುಕೊಳ್ಳಿ. ಉತ್ತರ 120. ಇನ್ನೊಂದು ಬೇಡಿಕೆ 20 ಅಂಗಡಿಗೆ, ಅನುಕೂಲ 3 (ಬಹಳ ಹೆಚ್ಚು), ನಂಬಿಕೆ ಶೇ 50, ಕೆಲಸ 1 ತಿಂಗಳು. ಉತ್ತರ 30. ಗದ್ದಲ ಜಾಸ್ತಿ ಮಾಡಿದ್ದು ಎರಡನೆಯವರಾಗಿರಬಹುದು, ಆದರೂ ಮೊದಲನೆಯದೇ ಮುಂದೆ. ಈ ಅಂಕಿಗಳು ದೇವರ ವಾಕ್ಯವೇನಲ್ಲ. ಆದರೆ ಮೀಟಿಂಗ್‌ನಲ್ಲಿ ದನಿ ಎತ್ತರಿಸಿದವರ ಮಾತೇ ನಡೆಯುವುದು ತಪ್ಪುತ್ತದೆ. ತಿಂಗಳಿಗೊಂದು ಮೀಟಿಂಗ್ ಸಾಕು, ಸಪೋರ್ಟ್‌ನವರು ಒಬ್ಬರು ಅಲ್ಲಿ ಇರಲೇಬೇಕು.

5. ತೀರ್ಮಾನವನ್ನು ಹೇಳಿ, ‘ಇಲ್ಲ’ ಎಂಬುದನ್ನೂ ಹೇಳಿ

ಬೇಡಿಕೆ ಬಂದ ಎರಡು ದಿನದೊಳಗೆ ‘ಬರೆದುಕೊಂಡಿದ್ದೇವೆ’ ಎಂಬ ಸಂದೇಶ ಹೋಗಬೇಕು. ತೀರ್ಮಾನ ಆದ ಮೇಲೆ ಇನ್ನೊಂದು. ತೀರ್ಮಾನಗಳು ನಾಲ್ಕೇ ಬಗೆ: ಮಾಡುತ್ತಿದ್ದೇವೆ, ಈ ವರ್ಷ ಇಲ್ಲ, ಮಾಡುವುದಿಲ್ಲ, ಬೇರೆ ದಾರಿ ಇದೆ. ‘ಮಾಡುವುದಿಲ್ಲ’ ಎಂದು ಬರೆಯಲು ಎಲ್ಲರಿಗೂ ಸಂಕೋಚ. ಹೀಗೆ ಬರೆಯಬಹುದು:

“ನಮಸ್ಕಾರ ಸರ್. ಸೇವ್ ಆದ ಬಿಲ್ ಡಿಲೀಟ್ ಮಾಡುವ ಸೌಲಭ್ಯ ಕೇಳಿದ್ದಿರಿ. ಅದನ್ನು ನಾವು ಕೊಡುವುದಿಲ್ಲ. ಇ-ಇನ್‌ವಾಯ್ಸ್ ಆದ ಬಿಲ್ ನಿಮ್ಮ ಪುಸ್ತಕದಿಂದ ಮಾಯವಾದರೆ ರಿಟರ್ನ್ ತಾಳೆ ಆಗುವುದಿಲ್ಲ, ತೊಂದರೆ ನಿಮಗೇ. ಬದಲಿಗೆ ತಪ್ಪು ಪಾರ್ಟಿ ಆಯ್ಕೆ ಆಗದಂತೆ ಊರು ಮತ್ತು ಜಿಎಸ್‌ಟಿ ಸಂಖ್ಯೆ ತೋರಿಸುವ ಬದಲಾವಣೆ ಮಾಡುತ್ತಿದ್ದೇವೆ. ಸಿದ್ಧವಾದಾಗ ಮೊದಲು ನಿಮಗೇ ಹಾಕಿಕೊಡುತ್ತೇವೆ.”

ಕಾರಣ ಇದ್ದರೆ ವ್ಯಾಪಾರಸ್ಥರು ಒಪ್ಪುತ್ತಾರೆ. ಅವರೂ ದಿನಾ ಸಾಲ ಕೇಳಿದವರಿಗೆ ಇಲ್ಲ ಎಂದು ಹೇಳುವವರೇ. ಅವರಿಗೆ ಸಿಟ್ಟು ಬರುವುದು ಕಾಯಿಸಿದಾಗ.

ತಾರೀಖಿನ ವಿಷಯದಲ್ಲಿ ಮಾತ್ರ ಜಿಪುಣರಾಗಿರಿ. ಟೆಸ್ಟಿಂಗ್‌ಗೆ ಬಂದ ಮೇಲೆ ತಾರೀಖು ಹೇಳಿ, ಅಲ್ಲಿಯವರೆಗೆ ‘ಈ ತ್ರೈಮಾಸಿಕ’, ‘ಮುಂದಿನದು’ ಎಂದಷ್ಟೇ ಹೇಳಿ. ಗಿಟ್‌ಹಬ್ 2020ರಲ್ಲಿ ತನ್ನ ಮುಂದಿನ ಕೆಲಸಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಾಗಲೂ ತ್ರೈಮಾಸಿಕದ ಲೆಕ್ಕದಲ್ಲೇ ಇಟ್ಟಿತು. ಸೇಲ್ಸ್‌ನವರಿಗೆ ಇದನ್ನು ಬರವಣಿಗೆಯಲ್ಲೇ ಕೊಡಿ: ಈಗ ಇಲ್ಲದ ಸೌಲಭ್ಯವನ್ನು ಹೇಳಿ ಮಾರಬಾರದು. ಟಾರ್ಗೆಟ್ ತಲುಪಲು ಮಾರ್ಚ್‌ನಲ್ಲಿ ಕೊಟ್ಟ ಮಾತು ಡೆವಲಪರ್‌ಗಳ ತಲೆ ಮೇಲೆ ಬೀಳುವುದು ಜೂನ್‌ನಲ್ಲಿ.

6. ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರು

“ಎಷ್ಟಾಗುತ್ತೆ ಹೇಳಿ, ಕೊಡ್ತೀನಿ” ಎನ್ನುವ ದೊಡ್ಡ ಗ್ರಾಹಕರು ಒಬ್ಬರಾದರೂ ಇರುತ್ತಾರೆ. ತಿಂಗಳ ಸಂಬಳಕ್ಕೆ ಪರದಾಡುವ ಕಂಪನಿಗೆ ಇದು ವರ. ಆದರೆ ಅವರಿಗಾಗಿ ಬೇರೆ ಕೋಡ್ ಪ್ರತಿ ಮಾಡಿದಿರೋ, ಅಲ್ಲಿಂದ ಮುಂದೆ ಪ್ರತಿ ಜಿಎಸ್‌ಟಿ ಬದಲಾವಣೆಯನ್ನೂ ಎರಡು ಸಲ ಮಾಡಬೇಕು. ಅಂಥ ಐದು ಗ್ರಾಹಕರಾದರೆ ಆರು ಸಲ.

ಷರತ್ತುಗಳು ಮೊದಲೇ ಇರಲಿ. ಕೋಡ್ ಎಲ್ಲರಿಗೂ ಒಂದೇ, ಅವರು ಕೇಳಿದ್ದು ಒಂದು ಸೆಟ್ಟಿಂಗ್ ಆಗಿ ಒಳಗೆ ಇರುತ್ತದೆ, ಬೇರೆಯವರಿಗೆ ಆಫ್ ಆಗಿರುತ್ತದೆ. ಮುಂದೆ ಬೇರೆ ಗ್ರಾಹಕರಿಗೂ ಕೊಡುವ ಹಕ್ಕು ನಮ್ಮದು. ಮಾಡಿಕೊಟ್ಟ ಹಣ ಬೇರೆ, ವರ್ಷವರ್ಷ ನೋಡಿಕೊಳ್ಳುವ ಹಣ ಬೇರೆ. ಇದಕ್ಕೆ ಒಪ್ಪದಿದ್ದರೆ ಬೇಡ ಎನ್ನಿ.

ಕಸ್ಟಮೈಸೇಶನ್ ಕೇಳುವವರಲ್ಲಿ ಅರ್ಧಕ್ಕರ್ಧ ಜನ ಕೇಳುವುದು ಬಿಲ್‌ನ ವಿನ್ಯಾಸ. ಲೋಗೋ ದೊಡ್ಡದಾಗಲಿ, ದೇವರ ಹೆಸರು ಮೇಲಿರಲಿ, ಬ್ಯಾಂಕ್ ವಿವರ ಕೆಳಗಿರಲಿ. ಒಬ್ಬೊಬ್ಬರಿಗೂ ಕೋಡ್ ಬರೆಯುತ್ತ ಕೂರಬೇಡಿ. ಟೆಂಪ್ಲೇಟ್ ಬದಲಿಸುವ ಸೌಲಭ್ಯ ಒಂದು ಸಲ ಕಟ್ಟಿ, ಮುಂದಿನದನ್ನು ಸಪೋರ್ಟ್‌ನವರೇ ನೋಡಿಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಇನ್ನೊಂದು ಬೇಡಿಕೆ ತಪ್ಪದೆ ಬರುತ್ತದೆ: ವಸ್ತುಗಳ ಹೆಸರು ಕನ್ನಡದಲ್ಲಿ ಪ್ರಿಂಟ್ ಆಗಬೇಕು. ನ್ಯಾಯವಾದ ಬೇಡಿಕೆ. ಪರದೆಯ ಮೇಲೆ ಯುನಿಕೋಡ್ ಕನ್ನಡ ಚೆನ್ನಾಗಿಯೇ ಕಾಣುವುದರಿಂದ ‘ಒಂದು ದಿನದ ಕೆಲಸ’ ಎನ್ನಿಸುತ್ತದೆ. ಆದರೆ ಅಂಗಡಿಗಳ ಥರ್ಮಲ್ ಮತ್ತು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳ ಒಳಗೆ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಸಾಲನ್ನು ಚಿತ್ರ ಮಾಡಿ ಕಳಿಸಬೇಕು. ಥರ್ಮಲ್‌ನಲ್ಲಿ ಅಷ್ಟೇನೂ ತೊಂದರೆ ಇಲ್ಲ, ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಬಿಲ್ ಹೊರಬರುವುದು ಗೊತ್ತಾಗುವಷ್ಟು ನಿಧಾನವಾಗುತ್ತದೆ. ಹೂಂ ಎನ್ನುವ ಮೊದಲು ಅವರ ಪ್ರಿಂಟರ್ ಯಾವುದು ಎಂದು ಕೇಳಿ.

7. ಕೇಳಿದವರಿಗೇ ಮೊದಲು ಕೊಡಿ

ಸಿದ್ಧವಾದದ್ದನ್ನು ಒಮ್ಮೆಗೇ ಎಲ್ಲರಿಗೂ ಬಿಡಬೇಡಿ. ಕೇಳಿದವರಲ್ಲಿ ನಾಲ್ಕೈದು ಜನಕ್ಕೆ ಹಾಕಿ, ಕೇಳದಿದ್ದ ಒಬ್ಬರಿಗೂ ಹಾಕಿ. ಬೇಡದವರ ಕೆಲಸಕ್ಕೆ ಇದು ಅಡ್ಡಿಯಾಗುತ್ತಿದೆಯೇ ಎಂದು ಹೇಳಬಲ್ಲವರು ಆ ಒಬ್ಬರೇ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ (ಮಾರಾಟದ ವಿವರ) ಗಡುವು ಮುಂದಿನ ತಿಂಗಳ 11ನೇ ತಾರೀಖು, ಜಿಎಸ್‌ಟಿಆರ್-3ಬಿಯದ್ದು (ತೆರಿಗೆಯ ಒಟ್ಟು ಲೆಕ್ಕ) 20. ಈ ತಾರೀಖುಗಳ ಆಸುಪಾಸು ಅಪ್‌ಡೇಟ್ ಕಳಿಸಬೇಡಿ. ಮಾರ್ಚ್ ಕೊನೆಯ ವಾರವಂತೂ ಬೇಡವೇ ಬೇಡ. 21ರಿಂದ 28ರೊಳಗೆ ಒಳ್ಳೆಯ ಸಮಯ.

ಬಿಟ್ಟ ದಿನ ಕೇಳಿದವರೆಲ್ಲರಿಗೂ ಸಂದೇಶ ಹೋಗಲಿ, “ನೀವು ಕೇಳಿದ್ದು ಬಂದಿದೆ” ಎಂದೇ ಶುರುವಾಗಲಿ. ಮೊದಲ ಹೆಜ್ಜೆಯಲ್ಲಿ ಹೆಸರು ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ತಿಂಗಳ ನಂತರ ಎಷ್ಟು ಜನ ಬಳಸುತ್ತಿದ್ದಾರೆ ನೋಡಿ. ಕೇಳಿದವರೇ ಬಳಸುತ್ತಿಲ್ಲ ಎಂದರೆ ಫೋನ್ ಮಾಡಿ. ಬಹಳ ಸಲ ಸೌಲಭ್ಯ ಸರಿಯಾಗಿಯೇ ಇರುತ್ತದೆ, ಕೌಂಟರ್‌ನ ಹುಡುಗನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

8. ಹಳೇ ಸಾಲುಗಳನ್ನು ಮುಚ್ಚಿ

ಎರಡು ವರ್ಷದಲ್ಲಿ ಪಟ್ಟಿ ನೂರಾರು ಸಾಲು ಬೆಳೆಯುತ್ತದೆ, ಆಮೇಲೆ ಯಾರೂ ಅದನ್ನು ತೆರೆಯುವುದಿಲ್ಲ. ವರ್ಷಕ್ಕೊಮ್ಮೆ, ಏಪ್ರಿಲ್ ಮುಗಿದ ಮೇಲೆ, ಕುಳಿತು ನೋಡಿ. ಒಂದೂವರೆ ವರ್ಷದಿಂದ ಯಾರೂ ಮತ್ತೆ ಕೇಳದಿರುವುದನ್ನು ಮುಚ್ಚಿ. ಅಳಿಸಬೇಡಿ, ಮುಚ್ಚಿದ್ದಕ್ಕೆ ಕಾರಣ ಒಂದು ಸಾಲು ಬರೆಯಿರಿ. ಕೇಳಿದವರಿಗೆ ತಿಳಿಸಿ: “ನೀವು ಹೋದ ವರ್ಷ ಕೇಳಿದ್ದನ್ನು ಸದ್ಯಕ್ಕೆ ಪಟ್ಟಿಯಿಂದ ತೆಗೆಯುತ್ತಿದ್ದೇವೆ ಸರ್. ಈಗಲೂ ಬೇಕಿದ್ದರೆ ಹೇಳಿ.” ಹೆಚ್ಚಿನವರು ಉತ್ತರಿಸುವುದಿಲ್ಲ. ಯಾರಾದರೂ ಫೋನ್ ಮಾಡಿ ತಗಾದೆ ತೆಗೆದರೆ ಆ ಸಾಲನ್ನು ಮತ್ತೆ ತೆರೆಯಿರಿ, ಎನಿಡೆಸ್ಕ್ ಹಾಕಿಸಿ, ಕೊನೆಯ ಸಲ ಯಾವಾಗ ಬೇಕಾಯಿತು ಎಂದು ಕೇಳಿ.